ಹಿರಿಯ ಮೀನು, ಬರಿಯ ನೀರು

೧೮೯೮ರಲ್ಲಿ ಪ್ಲೇಗಿನ ಮಾರಿಯು ಬೆಂಗಳೂರಿನ ಹಳೆಯ ಪೇಟೆಯನ್ನು ಹೊಕ್ಕ ತರುವಾಯ, ಗಾಳಿಬೆಳಕುಗಳಿಗೆ ಎಡೆಯುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವೆಂಬುದು ಶ್ರೋತೃಗಳು ಬಲ್ಲ ಸಂಗತಿಯೇ ಆಗಿದೆ. ವಾಸಕ್ಕೆ ಮೊದಲು ಬೇಕಾದುದು ಅವಕಾಶ, ಅಲಂಕಾರವು ಆಮೇಲಿನದು ಎಂಬ ಪಾಠವನ್ನು ನಮ್ಮ ನಗರವು ಬಹಳ ಬೆಲೆ ತೆತ್ತು ಕಲಿಯಿತು. ಈಗ ಅದೇ ಬಡಾವಣೆಗಳ ಮನೆಗಳಲ್ಲಿ, ಮೊಳದ ಸಮೀಪಕ್ಕೆ ಬೆಳೆಯುವ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಸಾಕುವವರಿದ್ದಾರೆ. ತೊಟ್ಟಿಯನ್ನು ಗಿಡಗಳಿಂದಲೂ ಬಣ್ಣದ ಕಲ್ಲುಗಳಿಂದಲೂ ಪುಟ್ಟ ಮಂಟಪಗಳಿಂದಲೂ ಸಿಂಗರಿಸಬೇಕೆ, ಅಥವಾ ಬರಿದಾಗಿಯೇ ಬಿಡಬೇಕೆ ಎಂಬುದು ಅವರನ್ನು ಕಾಡುವ ಪ್ರಶ್ನೆ. ಇದು ಸಣ್ಣ ಮಾತೆಂದು ತೋರಬಹುದು. ಆದರೆ ಸೆರೆಯಲ್ಲಿರುವ ಜೀವಿಯ ಮನೆಯನ್ನು ಯಾರ ಹಿತಕ್ಕಾಗಿ ಕಟ್ಟತಕ್ಕದ್ದು, ನೋಡುವವನದಕ್ಕೊ, ಇರುವವನದಕ್ಕೊ ಎಂಬ ವಿಚಾರವು ಇದರೊಳಗೆ ಅಡಗಿದೆ. ಚರಿತ್ರೆಯು ಇದಕ್ಕೆ ಏನು ಹೇಳುವುದೆಂದು ನೋಡೋಣ.

ಮೊದಲು ನಮ್ಮ ನಾಡಿನ ಮಾತು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸರ ವಿನೋದಗಳನ್ನು ವಿವರಿಸುವ ಭಾಗದಲ್ಲಿ ಮತ್ಸ್ಯವಿನೋದವೂ ಒಂದು. ಗಾಳ ಹಾಕಿ ಹಿಡಿಯುವುದೇ ಅದರ ಗುರಿ. ಮೀನಿನ ಮೇಲಿನ ಕರುಣೆಯಿಂದ ಅದು ಹುಟ್ಟಿದುದಲ್ಲ. ಆದರೂ ಮೀನುಗಳಲ್ಲಿ ಶಲ್ಕವುಳ್ಳವು ಯಾವುವು, ಇಲ್ಲದವು ಯಾವುವು, ದೊಡ್ಡವು ಯಾವುವು, ಚಿಕ್ಕವು ಯಾವುವು, ಯಾವ ಜಾತಿಗೆ ಯಾವ ಆಹಾರವು ಒಗ್ಗುವುದು ಎಂಬುದನ್ನೆಲ್ಲ ಅರಸನು ವಿಂಗಡಿಸಿ ಹೇಳುತ್ತಾನೆ. ತನ್ನ ವಿನೋದಕ್ಕಾಗಿ ಬರೆದವನು ಕೂಡ ಮೀನಿನ ಸ್ವಭಾವವನ್ನು ತಿಳಿದ ಹೊರತು ಮುಂದಕ್ಕೆ ಹೆಜ್ಜೆಯಿಡಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಅರಸರ ವಿನೋದವು ಒಂದು ದಾರಿಯಾದರೆ ಭಕ್ತರ ವಾತ್ಸಲ್ಯವು ಇನ್ನೊಂದು. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಬಳಿಯೂ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮಡುವಿನಲ್ಲಿಯೂ ದೊಡ್ಡ ದೊಡ್ಡ ಮೀನುಗಳು ಗುಂಪುಗುಂಪಾಗಿ ಬಂದು ಯಾತ್ರಿಕರು ಚೆಲ್ಲಿದ ಆಹಾರವನ್ನು ತಿನ್ನುವುದನ್ನು ಕಂಡವರು ನಮ್ಮಲ್ಲಿ ಅನೇಕರು. ದೇವರ ಮೀನೆಂಬ ಭಾವನೆಯಿಂದ ಅಲ್ಲಿ ಯಾರೂ ಬಲೆ ಬೀಸುವುದಿಲ್ಲ. ಹರಿಯುವ ನೀರು, ಬಂಡೆ, ದಂಡೆಯ ಮರಗಳ ನೆರಳು, ಇವಿಷ್ಟೇ ಅಲ್ಲಿಯ ಸಿಂಗಾರ. ನಮ್ಮ ಮಲ್ಲೇಶ್ವರದಲ್ಲಿಯೇ, ಕಾಡುಮಲ್ಲೇಶ್ವರನ ಗುಡಿಯ ಇದಿರಿಗೆ, ನೆಲದೊಳಗೆ ಹೂತುಹೋಗಿದ್ದ ನಂದಿತೀರ್ಥವು ೧೯೯೭ರಲ್ಲಿ ಅಗೆದಾಗ ಬೆಳಕಿಗೆ ಬಂದಿತು. ನಂದಿಯ ಬಾಯಿಂದ ಇಳಿದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಯನ್ನು ಸೇರುತ್ತದೆ. ಅಲ್ಲಿಯ ಶಿಲ್ಪಿಯು ತನ್ನ ಕೈಚಳಕವನ್ನೆಲ್ಲ ನೀರಿನ ಸುತ್ತಲೂ ತೋರಿಸಿದ್ದಾನೆ; ನೀರನ್ನು ಮಾತ್ರ ನೀರಾಗಿಯೇ ಬಿಟ್ಟಿದ್ದಾನೆ.

ಪರದೇಶದ ಚರಿತ್ರೆಯಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವೊಂದಿದೆ. ರೋಮಿನ ಶ್ರೀಮಂತರು ಕಡಲ ದಂಡೆಯಲ್ಲಿ ಮೀನುಕೊಳಗಳನ್ನು ಕಟ್ಟಿಸುತ್ತಿದ್ದರು. ಹೋರ್ಟೆನ್ಸಿಯಸನೆಂಬ ವಾಗ್ಮಿಯು ತನ್ನ ಮೆಚ್ಚಿನ ಮೀನು ಸತ್ತಾಗ ಕಣ್ಣೀರಿಟ್ಟನೆಂದೂ, ಮುಂದೆ ಅದೇ ತೋಟದ ಮನೆಯಲ್ಲಿ ಅಂತೋನಿಯಾ ಎಂಬಾಕೆ ತನ್ನ ಮೀನಿಗೆ ಕಿವಿಯೋಲೆಗಳನ್ನು ತೊಡಿಸಿದಳೆಂದೂ ಪ್ಲಿನಿಯು ಬರೆದಿದ್ದಾನೆ. ಕಿವಿಯೇ ಕಾಣದ ಪ್ರಾಣಿಗೆ ಓಲೆ! ಪ್ರೀತಿಯಿದ್ದಲ್ಲಿಯೂ ವಿವೇಕವು ತಪ್ಪಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ತೊಟ್ಟಿಯೊಳಗೆ ಗಿಡವು ಬಂದುದು ಹೇಗೆ? ೧೮೫೦ರಲ್ಲಿ ಲಂಡನ್ನಿನ ರಸಾಯನ ಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನನು, ಎರಡು ಸಣ್ಣ ಹೊನ್ನಮೀನುಗಳನ್ನೂ ಒಂದು ಜಲಸಸ್ಯವನ್ನೂ ಕೊಳೆತ ಎಲೆಗಳನ್ನು ತಿನ್ನುವ ಬಸವನಹುಳುಗಳನ್ನೂ ಒಂದೇ ಪಾತ್ರೆಯಲ್ಲಿಟ್ಟು ನಡೆಯಿಸಿದ ಪ್ರಯೋಗವನ್ನು ಪ್ರಕಟಿಸಿದನು. ಬೆಳಕಿನಲ್ಲಿ ಗಿಡವು ಆಮ್ಲಜನಕವನ್ನು ಕೊಡುತ್ತದೆ; ಮೀನು ಉಸಿರಾಡುತ್ತದೆ. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ಬೆಂಗಳೂರಿನಲ್ಲಿ ಅಂತಹ ಸರಕಾರಿ ಮತ್ಸ್ಯಾಗಾರವು ಕಬ್ಬನ್ ಉದ್ಯಾನದಲ್ಲಿ ೧೯೮೩ರಲ್ಲಿ ಆರಂಭವಾಯಿತು. ಗಿಡವು ತೊಟ್ಟಿಯನ್ನು ಹೊಕ್ಕುದು ಒಡವೆಯಾಗಿ ಅಲ್ಲ, ಉಸಿರಾಗಿ. ಗಾಳಿಯೂದುವ ಯಂತ್ರಗಳು ಬಂದ ಮೇಲೆ ಆ ಅಗತ್ಯವು ಕುಗ್ಗಿತು. ಅಲಂಕಾರದ ರೂಢಿಯು ಮಾತ್ರ ಉಳಿದುಕೊಂಡಿತು.

ವಾರಿಂಗ್ಟನನ ಮೀನುಗಳು ಚಿಕ್ಕವೆಂಬುದನ್ನು ಇಲ್ಲಿ ಮರೆಯಕೂಡದು. ಮೀನು ದೊಡ್ಡದಾದಂತೆ ಲೆಕ್ಕವೇ ಬದಲಾಗುತ್ತದೆ. ಅದರ ಉಸಿರಿಗೆ ನಾಲ್ಕು ಗಿಡಗಳು ಸಾಲವು. ರಾತ್ರಿಯಲ್ಲಂತೂ ಗಿಡವೂ ಆಮ್ಲಜನಕವನ್ನೇ ಬಳಸುತ್ತದೆ. ಅದರ ಮಲದಿಂದಲೂ, ಜಲ್ಲಿಯ ಸಂದಿನಲ್ಲಿ ಕೊಳೆತ ಆಹಾರದಿಂದಲೂ ಅಮೋನಿಯಾ ಹುಟ್ಟಿ ನೀರು ವಿಷವಾಗುತ್ತದೆ. ಅಮೆಜಾನ್ ಸೀಮೆಯಿಂದ ಬಂದ ಆಸ್ಕರ್ ಮೀನು ಅಡಿಯುದ್ದ ಬೆಳೆಯುವುದಲ್ಲದೆ, ಜಲ್ಲಿಯನ್ನು ತೋಡಿ ಗಿಡಗಳನ್ನು ಕಿತ್ತುಹಾಕುತ್ತದೆ. ಬೆದರಿದ ದೊಡ್ಡ ಮೀನು ಒಮ್ಮೆ ಚಿಮ್ಮಿತೆಂದರೆ ಮಂಟಪದ ಮೊನಚು ಅಂಚು ಅದರ ಮೈಯನ್ನು ಗೀರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಒಳಗಿಟ್ಟ ಪ್ರತಿಯೊಂದು ಕಲ್ಲೂ ಅದು ಹೊರಳಾಡುವ ಎಡೆಯನ್ನು ಅಷ್ಟಷ್ಟು ಕಸಿದುಕೊಳ್ಳುತ್ತದೆ.

ಹಾಗೆಂದು ಬರಿಯ ಗಾಜೇ ಉತ್ತಮವೆನ್ನಬಹುದೆ? ಅದೂ ಸಲ್ಲದು. ಅದೇ ಆಸ್ಕರ್ ತನ್ನ ನಾಡಿನಲ್ಲಿ ಮೆಲ್ಲನೆ ಹರಿಯುವ ನೀರಿನಲ್ಲಿ, ಮುಳುಗಿದ ಮರದ ಕೊಂಬೆಗಳ ಮರೆಯಲ್ಲಿ ಬಾಳತಕ್ಕದ್ದು. ನಾಲ್ಕು ಕಡೆಯೂ ಬೆಳಕು, ನಾಲ್ಕು ಕಡೆಯೂ ಇಣಕುವ ಮುಖಗಳು, ಮರೆಯಾಗಲು ಒಂದು ಮೂಲೆಯೂ ಇಲ್ಲವೆಂದರೆ ಅದು ಮನೆಯಾಗದೆ ಬಂದೀಖಾನೆಯಾಗುತ್ತದೆ. ಆದುದರಿಂದ ನಾವು ಕಾಣುವ ನಿರ್ಣಯವಿದು: ಮೊದಲು ಮೀನು ಸಲೀಸಾಗಿ ತಿರುಗುವಷ್ಟು ಅಗಲವುಳ್ಳ ತೊಟ್ಟಿ, ಬಳಿಕ ಸೋಸಿದ ನೀರು, ಬಳಿಕ ಹಿಂಬದಿಗೆ ಒಂದು ಮರೆ, ನುಣುಪಾದ ಒಂದು ದೊಡ್ಡ ಕಲ್ಲು ಅಥವಾ ಮರದ ತುಂಡು. ಮೀನು ಬಳಸುವ ವಸ್ತುವು ಇರಲಿ. ನಮ್ಮ ಕಣ್ಣು ಮಾತ್ರ ಬಳಸುವ ವಸ್ತುವು ತೊಟ್ಟಿಯ ಹೊರಗಿರಲಿ. ಇವಿಷ್ಟಕ್ಕೂ ಮನೆಯಲ್ಲಿ ಎಡೆಯಿಲ್ಲವಾದರೆ, ಹಿರಿಯ ಮೀನನ್ನು ತರದಿರುವುದೇ ಲೇಸು.

ಈ ಮಾತು ಗಾಜಿನ ತೊಟ್ಟಿಗೆ ಮಾತ್ರ ಅನ್ವಯಿಸತಕ್ಕದ್ದಲ್ಲ. ಕೆಂಪೇಗೌಡನ ಕಾಲದ ಧರ್ಮಾಂಬುಧಿಯು ಬಸ್ಸಿನ ನಿಲ್ದಾಣವಾಯಿತು. ೧೮೮೨ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಉಳಿದಿದೆ. ೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು; ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕವು ಕುಗ್ಗಿತ್ತು. ದಂಡೆಗೆ ಕಲ್ಲು ಹಾಸಿ, ಕಂಬಿ ನೆಟ್ಟು, ದೀಪಗಳ ಸಾಲನ್ನಿಟ್ಟು ಕೆರೆಯನ್ನು ಸುಂದರಗೊಳಿಸಿದೆವೆಂದು ನಾವು ಹಿಗ್ಗುವಾಗ, ನೀರೊಳಗಿನವರನ್ನು ಕೇಳಿದವರಾರು? ಕಲ್ಯಾಣಿಯನ್ನು ಕಟ್ಟಿದ ಪೂರ್ವಿಕರು ಸಿಂಗಾರವನ್ನು ಮೆಟ್ಟಿಲಿಗೆ ಕೊಟ್ಟು, ತಿಳಿನೀರನ್ನು ಮೀನಿಗೆ ಬಿಟ್ಟರು. ಮನೆಯ ತೊಟ್ಟಿಗೂ ಊರಿನ ಕೆರೆಗೂ ಆ ಮರ್ಯಾದೆಯೊಂದೇ ಸಾಕು.