ಮನೆತನದಲ್ಲಿ ಏನೂ ಇಲ್ಲ ತಾನೆ?

ನನ್ನ ಮಗಳಿಗೆ ಸಂಬಂಧ ನೋಡಲು ಶುರುಮಾಡಿದ ಮೇಲೆ ಒಂದು ಪ್ರಶ್ನೆ ಪದೇ ಪದೇ ನಮ್ಮ ಮನೆಯ ಹೊಸಿಲು ದಾಟಿ ಬರತೊಡಗಿತು. ಜಾತಕ ಕೂಡಿಬಂದು, ಉಪ್ಪಿಟ್ಟು ಕೇಸರಿಬಾತು ಮುಗಿದು, ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಹುಡುಗನ ಕಡೆಯ ಹಿರಿಯ ಹೆಂಗಸೊಬ್ಬರು ದನಿ ತಗ್ಗಿಸಿ ಕೇಳುತ್ತಾರೆ: "ಮನೆತನದಲ್ಲಿ ಏನೂ ಇಲ್ಲ ತಾನೆ?"

ಏನೂ ಎಂದರೆ ಏನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಅಜ್ಜಿಯರ ಕಾಲಕ್ಕೆ ಅದು ತೊನ್ನು, ಮೂರ್ಛೆರೋಗ, ಕ್ಷಯ, ಹುಚ್ಚು. ಇವುಗಳಲ್ಲಿ ಯಾವುದು ವಂಶದಿಂದ ಬರುತ್ತದೆ, ಯಾವುದು ಅಂಟಿಕೊಳ್ಳುತ್ತದೆ, ಯಾವುದು ಎರಡೂ ಅಲ್ಲ ಎಂಬ ಭೇದವೇನೂ ಅವರಿಗೆ ಇರಲಿಲ್ಲ. ಕ್ಷಯ ಅಂಟುವ ರೋಗ. ಆದರೂ ಎಷ್ಟು ಹುಡುಗಿಯರ ಮದುವೆ ಅದರ ಹೆಸರಿನಲ್ಲಿ ನಿಂತುಹೋಗಿಲ್ಲ! ಬಿ.ಪಿ., ಶುಗರ್ ಮಾತ್ರ ಈಗ ಲೆಕ್ಕಕ್ಕಿಲ್ಲ. ಅವು ಇಲ್ಲದ ಮನೆತನವೆಂದರೆ ಜನ ಅನುಮಾನದಿಂದ ನೋಡುತ್ತಾರೆ.

"ಏನೂ ಇಲ್ಲ" ಎಂದು ನಾನು ಹೇಳಿದೆ. ಹೇಳಿದ್ದು ಸುಳ್ಳು. ಆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಅಮ್ಮ ತೀರಿಕೊಂಡದ್ದು 1991ರಲ್ಲಿ, ಭದ್ರಾವತಿಯ ನಮ್ಮ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಊಟ, ನಿದ್ದೆ, ಸ್ಕೂಲು ಎಲ್ಲವೂ ಸೈರನ್ನಿನ ಲೆಕ್ಕದಲ್ಲಿ ನಡೆಯುತ್ತಿದ್ದ ಕಾಲ ಅದು. ಅಮ್ಮನಿಗೆ ಆಗ ನಲವತ್ತನಾಲ್ಕು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿ ಎಂಟು ತಿಂಗಳಾಗಿದ್ದರೂ ಯಾರಿಗೂ ಹೇಳಿರಲಿಲ್ಲ. ಎಂಥ ಜಾಗ ಅದು, ಗಂಡಸರೆದುರು ಹೇಳುವುದು ಹೇಗೆ ಎಂಬ ನಾಚಿಕೆ. ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ರೋಗ ಯಕೃತ್ತಿಗೆ ಇಳಿದಿತ್ತು. ಕೊನೆಗೆ ಮೈ ಹಳದಿಯಾದದ್ದರಿಂದ ನೆಂಟರಿಷ್ಟರಿಗೆಲ್ಲ "ಜಾಂಡೀಸ್ ಆಗಿತ್ತು" ಎಂದು ಹೇಳಿದೆವು. ನಾವೇ ಹೇಳುತ್ತ ಹೇಳುತ್ತ ನಾವೇ ನಂಬಿದೆವು. ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದದ್ದೂ ಅದೇ ಜಾಂಡೀಸಿನ ಕತೆಯ ಮೇಲೆ.

ಈ ಚಿಂತೆ ಹೊತ್ತುಕೊಂಡು ಕೂತಾಗ ನೆನಪಾದದ್ದು ನಮ್ಮದೇ ಜಿಲ್ಲೆಯ ಒಂದು ಊರು, ಸಾಗರ ತಾಲ್ಲೂಕಿನ ಹಂದಿಗೋಡು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಸಾಗರದ ಕಡೆಯವರೊಬ್ಬರು ಮನೆಗೆ ಬಂದಾಗ ಆ ಊರಿನ ಮಾತು ಬರುತ್ತಿತ್ತು. "ಅಲ್ಲಿ ಜನ ಕುಳ್ಳಾಗ್ತಾ ಹೋಗ್ತಾರಂತೆ, ಏಡಿ ತಿಂದು" ಎನ್ನುತ್ತಿದ್ದರು. ಮಕ್ಕಳಾದ ನಾವು ಹೆದರಿ, ಕಂಬಕ್ಕೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆದುಕೊಳ್ಳುತ್ತಿದ್ದೆವು.

ನಡೆದದ್ದು ಇಷ್ಟು. 1974-75ರ ಹೊತ್ತಿಗೆ ಹಂದಿಗೋಡು ಮತ್ತು ಸುತ್ತಲಿನ ಊರುಗಳಲ್ಲಿ ಒಂದು ವಿಚಿತ್ರ ಕಾಯಿಲೆ ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟದ ಕೀಲಿನಲ್ಲಿ, ಮಂಡಿಯಲ್ಲಿ ನೋವು. ಬರಬರುತ್ತ ನೆಟ್ಟಗೆ ನಿಲ್ಲಲಾಗದೆ ಬಾಗುವುದು, ಕೋಲು ಹಿಡಿಯುವುದು, ಕೆಲವರು ನೆಲದ ಮೇಲೆ ತೆವಳುವ ಸ್ಥಿತಿಗೆ ಬರುವುದು. ಕೆಲವರಿಗೆ ಎತ್ತರವೇ ಬೆಳೆಯುತ್ತಿರಲಿಲ್ಲ. ರೋಗ ಕಾಣಿಸಿದ್ದು ಹೆಚ್ಚಾಗಿ ಚನ್ನಂಗಿ ಮತ್ತು ಚಲವಾದಿ ಸಮುದಾಯದ ಮನೆಗಳಲ್ಲಿ. ಅವರು ದಲಿತರು, ಇನ್ನೊಬ್ಬರ ಗದ್ದೆಯಲ್ಲಿ ಕೂಲಿ ಮಾಡುವವರು. ದಿನವಿಡೀ ಸೊಂಟ ಬಗ್ಗಿಸಿ ನಾಟಿ ಮಾಡಿ ಹೊಟ್ಟೆ ಹೊರೆಯುವವರ ಸೊಂಟವನ್ನೇ ಈ ಕಾಯಿಲೆ ಹಿಡಿದಿತ್ತು.

ಕಾರಣ ಹುಡುಕಲು ಹೊರಟವರಿಗೆ ಮೊದಲು ಸಿಕ್ಕಿದ್ದು ಏಡಿ. ಹಸಿರು ಕ್ರಾಂತಿಯ ಗಾಳಿ ಮಲೆನಾಡಿನ ಗದ್ದೆಗಳಿಗೂ ಬೀಸಿತ್ತು. ಪ್ಯಾರಾಥಿಯಾನ್, ಎಂಡ್ರಿನ್‌ನಂಥ ಕೀಟನಾಶಕಗಳನ್ನು ಪೈರಿಗೆ ಹೊಡೆಯುತ್ತಿದ್ದರು. ಆ ಗದ್ದೆಯ ಏಡಿ, ಮೀನುಗಳನ್ನು ಹಿಡಿದು ತಿನ್ನುವವರು ಈ ಬಡವರೇ. ವಿಷ ಏಡಿಯ ಮೂಲಕ ಮೂಳೆಗೆ ಇಳಿದಿರಬೇಕೆಂಬ ಅನುಮಾನ ಸಹಜವಾಗಿಯೇ ಇತ್ತು. ಅದಕ್ಕೆ ಹದಿನೇಳು ಹದಿನೆಂಟು ವರ್ಷದ ಹಿಂದಷ್ಟೇ, 1957ರಲ್ಲಿ, ಇದೇ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಮನುಷ್ಯರಿಗೂ ಜ್ವರ ಬಂದು, ಅದು ಉಣುಗಿನಿಂದ ಹರಡುವ ವೈರಸ್ ಎಂದು ಗೊತ್ತಾಗಿತ್ತು. ನಾವು ಇವತ್ತಿಗೂ ಮಂಗನ ಕಾಯಿಲೆ ಎನ್ನುವುದು ಅದನ್ನೇ. ಕಾಯಿಲೆ ಎಂದರೆ ಹೊರಗಿನಿಂದ ಬರುವಂಥದ್ದು ಎಂದು ನಮ್ಮ ಜಿಲ್ಲೆಯವರು ಕಣ್ಣಾರೆ ಕಂಡಿದ್ದರು.

ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೈದ್ಯರು ಬಂದು ಮನೆಮನೆ ತಿರುಗಿದಾಗ ಲೆಕ್ಕ ಬೇರೆಯಾಯಿತು. ಕಾಯಿಲೆ ಊರನ್ನು ಹಿಡಿದಿರಲಿಲ್ಲ, ಕುಟುಂಬಗಳನ್ನು ಹಿಡಿದಿತ್ತು. 1977ರಲ್ಲಿ ಅವರು ಬರೆದ ವರದಿಯಲ್ಲೇ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಕೈಹಾಕಿತು. 1990ರ ದಶಕದಲ್ಲಿ ಎಕ್ಸ್-ರೇಗಳನ್ನೂ ವಂಶಾವಳಿಗಳನ್ನೂ ಒಟ್ಟಿಗೆ ಇಟ್ಟು ನೋಡಿದ ಲಕ್ನೋದ ಡಾ. ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು, ಇದು ಮೂಳೆಯ ಬೆಳವಣಿಗೆಯ ದೋಷ, ವಂಶದಲ್ಲಿ ಇಳಿದು ಬರುವಂಥದ್ದು ಎಂದು ವಿವರಿಸಿದರು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಕಡೆ ಇಂಥದ್ದೇ ಸೊಂಟದ ಕಾಯಿಲೆ ಕುಟುಂಬಗಳಲ್ಲಿ ಇದೆಯೆಂದು ತಿಳಿದು, ಎರಡನ್ನೂ ಹೋಲಿಸಿಯೂ ನೋಡಿದರು.

ಇಳಿದು ಬರುವುದೆಂದರೆ ಹೇಗೆ? ನಮ್ಮ ಚೌಕಾಬಾರದ ಕವಡೆಯನ್ನು ನೆನೆಸಿಕೊಳ್ಳಿ. ಒಂದು ಕವಡೆ ಎಸೆದರೆ ಅಂಗಾತವೂ ಬೀಳಬಹುದು, ಬೋರಲೂ ಬೀಳಬಹುದು. ಈ ಬಗೆಯ ಕಾಯಿಲೆಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಒಂದೊಂದು ಸಲ ಕವಡೆ ಎಸೆದ ಹಾಗೆ. ಮೊದಲ ಮಗುವಿಗೆ ಬಂದಿತೆಂದು ಎರಡನೆಯದು ಪಾರಾಗುವುದಿಲ್ಲ, ಮೊದಲನೆಯದು ಪಾರಾಯಿತೆಂದು ಎರಡನೆಯದಕ್ಕೆ ಬರಲೇಬೇಕೆಂದೂ ಇಲ್ಲ. ಗಂಡು ಹೆಣ್ಣೆಂಬ ಭೇದವಿಲ್ಲ. ಪಾರಾದ ಮಗುವಿನ ಮಕ್ಕಳಿಗೆ ಆ ಭಯವೇ ಇಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ತರುವ ನಮ್ಮ ಪದ್ಧತಿಯಿಂದ ಹೆಚ್ಚುವ ಕಾಯಿಲೆಗಳು ಬೇರೆ ಜಾತಿಯವು. ಅವು ಎರಡೂ ಕಡೆಯಿಂದ ದೋಷ ಬಂದು ಸೇರಿದರೆ ಮಾತ್ರ ಕಾಣಿಸಿಕೊಳ್ಳುತ್ತವೆ.

ಹಂದಿಗೋಡಿನವರಿಗೆ ಈ ತಿಳಿವಳಿಕೆಯಿಂದ ಸಿಕ್ಕಿದ್ದೇನು ಎಂದು ಕೇಳಿದರೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ನೋವಿಗೆ ಮಾತ್ರೆ, ಅನುಕೂಲವಾದರೆ ಸೊಂಟದ ಕೀಲು ಬದಲಿಸುವ ಆಪರೇಷನ್. ಮೂಲದಿಂದ ಕಿತ್ತುಹಾಕುವ ಮದ್ದು ಇಲ್ಲ. ಮೇಲಾಗಿ ಊರಿನ ಹೆಸರೇ ರೋಗದ ಹೆಸರಾಯಿತು. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ. ಆ ಊರಿನ ಹುಡುಗಿಗೆ, ಅವಳ ಮನೆಯಲ್ಲಿ ಕಾಯಿಲೆ ಇರಲಿ ಇಲ್ಲದಿರಲಿ, ಊರಿನ ಹೆಸರು ಹೇಳಿದ ಕೂಡಲೇ ಎದುರಿನವರ ಮುಖ ಹೇಗಾಗಬಹುದು! ಭದ್ರಾವತಿಯಲ್ಲಿ ಸತ್ತ ನನ್ನ ಅಮ್ಮನ ರೋಗಕ್ಕೆ ಯಾರೂ ಭದ್ರಾವತಿಯ ಹೆಸರಿಡಲಿಲ್ಲ. ನಮಗೆ ಜಾಂಡೀಸ್ ಎಂದು ಮುಚ್ಚಿಡುವ ಅನುಕೂಲವಾದರೂ ಇತ್ತು.

ಆ ವೈದ್ಯರು ಮಾಡಿದ ಕೆಲಸದಲ್ಲಿ ಒಂದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಯಾರ ಮಗಳು, ಯಾವ ಊರಿಗೆ ಕೊಟ್ಟದ್ದು, ಎಷ್ಟು ಮಕ್ಕಳು, ಯಾರಿಗೆ ನೋವಿತ್ತು, ಯಾರಿಗಿರಲಿಲ್ಲ ಎಂದು ಕೇಳಿ ಬರೆದುಕೊಳ್ಳದೆ ವಂಶಾವಳಿ ಆಗುವುದಿಲ್ಲ. ಇದು ನಾವು ಹೆಂಗಸರು ಮದುವೆ ಮನೆಯಲ್ಲಿ ಹೂವು ಕಟ್ಟುತ್ತ ಮಾಡುವ ಕೆಲಸವೇ ಅಲ್ಲವೇ?

ಎದೆಯ ಕ್ಯಾನ್ಸರಿನ ವಿಷಯದಲ್ಲೂ ಆದದ್ದು ಹೀಗೆಯೇ. ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ದೊಡ್ಡ ವೈದ್ಯ ತನ್ನ ಹೆಂಡತಿಯ ತವರಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೆಂಗಸರು ಈ ರೋಗದಿಂದ ಸಾಯುತ್ತಿರುವುದನ್ನು ಗಮನಿಸಿ 1866ರಲ್ಲಿ ಬರೆದಿಟ್ಟ. ಬಟಾಣಿಕಾಳಿನ ಪ್ರಯೋಗದ ಬಗ್ಗೆ ಮೆಂಡಲನ ಪ್ರಬಂಧ ಅಚ್ಚಾದದ್ದೂ ಅದೇ ವರ್ಷ. ಇಬ್ಬರ ಮಾತನ್ನೂ ಜನ ಬೇಗ ಕಿವಿಗೆ ಹಾಕಿಕೊಳ್ಳಲಿಲ್ಲ. ನೂರಿಪ್ಪತ್ತನಾಲ್ಕು ವರ್ಷದ ಮೇಲೆ, 1990ರಲ್ಲಿ, ಅಮೆರಿಕದ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ ಇಂಥ ಕುಟುಂಬಗಳನ್ನು ಅಭ್ಯಾಸ ಮಾಡಿ, ದೋಷ ಹದಿನೇಳನೆಯ ವರ್ಣತಂತುವಿನಲ್ಲಿದೆ ಎಂದು ತೋರಿಸಿದಳು. ಅಮ್ಮನ ಕೈಗೆ ಗಂಟು ಸಿಕ್ಕಿದ್ದು ಅದೇ ವರ್ಷ. ಬಿ.ಆರ್.ಸಿ.ಎ. 1 ಎಂಬ ಆ ಜೀನ್ ಕೈಗೆ ಸಿಕ್ಕಿದ್ದು 1994ರಲ್ಲಿ, ಎರಡನೆಯದು 1995ರಲ್ಲಿ. ಅಷ್ಟರಲ್ಲಿ ಅಮ್ಮನ ವರ್ಷಾಬ್ದಿಕ ಮೂರು ಸಲ ಆಗಿತ್ತು.

ಎದೆಯ ಕ್ಯಾನ್ಸರ್ ಬಂದವರಿಗೆಲ್ಲ ಅದು ವಂಶದಿಂದ ಬಂದದ್ದಲ್ಲ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಹಾಗೆ. ಆದರೆ ಮನೆಯಲ್ಲಿ ಇಬ್ಬರು ಮೂವರಿಗೆ, ಅದೂ ಐವತ್ತರ ಒಳಗೆ ಬಂದಿದ್ದರೆ, ಅಥವಾ ಜೊತೆಗೆ ಅಂಡಾಶಯದ ಕ್ಯಾನ್ಸರೂ ಇದ್ದರೆ ಯೋಚಿಸಬೇಕು. ಬಿ.ಆರ್.ಸಿ.ಎ. 1ರ ದೋಷವಿರುವ ಹೆಂಗಸರಲ್ಲಿ ಹತ್ತಕ್ಕೆ ಆರು ಮಂದಿಗಾದರೂ ಬದುಕಿನ ಒಂದು ಹಂತದಲ್ಲಿ ಎದೆಯ ಕ್ಯಾನ್ಸರ್ ಬರುವ ಸಂಭವವಿದೆ. ಉಳಿದವರಿಗೆ ಬರದೆಯೂ ಹೋಗಬಹುದು. ಈ ದೋಷ ಗಂಡಸರಲ್ಲೂ ಇರುತ್ತದೆ, ಅಪ್ಪನಿಂದಲೂ ಮಗಳಿಗೆ ಬರುತ್ತದೆ. ಇದು ನನಗೆ ಹೊಸ ಸಂಗತಿ. ತಾಯಿಯಂತೆ ಮಗಳು ಎಂದೇ ನಾವು ಹೇಳಿಕೊಂಡು ಬಂದವರು.

ತಾಯಿಯ ಮೇಲೆ ದೂರು ಬರುವುದು ಅರಮನೆಯಲ್ಲೂ ತಪ್ಪಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಹೆಸರು ಕೊಟ್ಟ ರಾಣಿಯ ಒಬ್ಬ ಮಗ ಲಿಯೋಪೋಲ್ಡ್ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾದಿಂದ ನರಳಿ, 1884ರಲ್ಲಿ ಬಿದ್ದು ಪೆಟ್ಟಾಗಿ ಸತ್ತ. ಅವಳ ಇಬ್ಬರು ಹೆಣ್ಣುಮಕ್ಕಳು ಅದನ್ನು ತಾವು ಅನುಭವಿಸದೆಯೇ ಹೊತ್ತು ಒಯ್ದರು. ರಷ್ಯದ ಕೊನೆಯ ರಾಜಕುಮಾರನಿಗೂ ಅದು ಮುಟ್ಟಿತು. ಹೊತ್ತವಳಿಗೆ ಗೊತ್ತೇ ಇರುವುದಿಲ್ಲ ಎಂಬುದು ಅದರ ಕ್ರೂರತನ.

ನಾನು ಕೊನೆಗೆ ಒಂದು ದಿನ ಬಸ್ಸು ಹತ್ತಿ ಭದ್ರಾವತಿಗೆ, ಚಿಕ್ಕಮ್ಮನ ಮನೆಗೆ ಹೋದೆ. ಅವರಿಗೂ 2009ರಲ್ಲಿ ಎದೆಯ ಆಪರೇಷನ್ ಆಗಿ ಬದುಕಿ ಉಳಿದವರು. ಅಕ್ಕನಂತೆ ಮುಚ್ಚಿಟ್ಟುಕೊಳ್ಳದೆ ಗಂಟು ಸಿಕ್ಕಿದ ವಾರದಲ್ಲೇ ಹೇಳಿದ್ದರು. ಕ್ಯಾಲೆಂಡರಿನ ಹಿಂಬದಿಯ ದೊಡ್ಡ ಹಾಳೆ ಹರವಿಕೊಂಡು "ಚಿಕ್ಕಮ್ಮ, ಅಜ್ಜಿಯಿಂದ ಶುರುಮಾಡಿ ಹೇಳಿ" ಎಂದೆ.

"ಸತ್ತವರ ಸುದ್ದಿ ಈಗ್ಯಾಕೆ ಮಾರಾಯ್ತಿ? ಹುಡುಗಿ ಮದುವೆ ಹೊತ್ತಲ್ಲಿ ಅಪಶಕುನ" ಎಂದರು. ಆದರೂ ಅವರೆಕಾಳು ಹಿಸುಕುತ್ತ ಒಂದೊಂದಾಗಿ ಹೇಳಿದರು. ನಾನು ನೋಡಿರದ ಅಜ್ಜಿ "ಬಾಣಂತನದ ನಂಜಿ"ನಿಂದ ಸತ್ತರೆಂದು ಕೇಳಿದ್ದೆ. "ಎಂಥ ಬಾಣಂತನ? ಕೊನೇ ಮಗುವಿಗೆ ಆಗ ಆರು ವರ್ಷ. ಎದೆ ಮೇಲೆ ಹುಣ್ಣಾಗಿತ್ತು. ಬೇವಿನೆಲೆ ಅರೆದು ಹಚ್ಚೋಳು ನಾನೇ" ಎಂದರು. ಅಜ್ಜಿಯ ತಂಗಿಗೆ ಹೊಟ್ಟೆಯಲ್ಲಿ ನೀರು ತುಂಬಿ ಹೋದದ್ದಂತೆ. ಮಕ್ಕಳಾಗದವಳ ಹೊಟ್ಟೆ ದಪ್ಪಗಾದಾಗ ಊರವರು ಆಡಿಕೊಂಡಿದ್ದರಂತೆ. ಹಾಳೆಯ ಮೇಲೆ ನಾಲ್ಕು ಹೆಸರಿಗೆ ಸುತ್ತು ಹಾಕಿದ್ದಾಯಿತು. ಸುತ್ತು ಹಾಕದ ಹೆಸರುಗಳೇ ಹೆಚ್ಚಿದ್ದವು ಎನ್ನುವುದನ್ನೂ ಹೇಳಬೇಕು. ಎಂಬತ್ತು ದಾಟಿ ಸೊಂಪಾಗಿ ಬದುಕಿದ ಸೋದರತ್ತೆಯರನ್ನು ನನ್ನ ಭಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಬೆಂಗಳೂರಿನಲ್ಲಿ ಇದಕ್ಕೆಂದೇ ಇರುವ ಡಾಕ್ಟರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಮೊದಲು ರಕ್ತ ಕೊಡಬೇಕಾದವರು ನಾನಲ್ಲ, ರೋಗ ಬಂದು ಬದುಕಿರುವ ಚಿಕ್ಕಮ್ಮ. ಅವರಲ್ಲಿ ಏನಿದೆಯೆಂದು ಗೊತ್ತಾದರೆ ನನ್ನಲ್ಲಿ ಏನು ಹುಡುಕಬೇಕೆಂದು ತಿಳಿಯುತ್ತದೆ ಎಂದರು. ಚಿಕ್ಕಮ್ಮ ತಕರಾರಿಲ್ಲದೆ ಕೈ ಚಾಚಿದರು. ಕೆಲವು ವಾರಗಳ ಮೇಲೆ ವರದಿ ಬಂತು. ಅವರಲ್ಲಿ ದೋಷ ಇತ್ತು. ಅಮ್ಮನಲ್ಲೂ ಇದ್ದಿರಬೇಕು. ಈಗ ನನ್ನದು ಕವಡೆಯ ಲೆಕ್ಕ. ಮಗಳದು ನನ್ನ ಕವಡೆ ಹೇಗೆ ಬಿದ್ದಿದೆ ಎಂಬುದರ ಮೇಲೆ.

ಹೋದ ವಾರ ನಾನೂ ರಕ್ತ ಕೊಟ್ಟು ಬಂದೆ. ಇದ್ದರೆ ಮಾಡಬಹುದಾದದ್ದು ಇದೆ. ವರ್ಷ ವರ್ಷ ಸ್ಕ್ಯಾನಿಂಗ್, ಬೇಕಾದರೆ ಮುಂಚಿತವಾಗಿಯೇ ಆಪರೇಷನ್. ಅಮ್ಮನಿಗೆ ಇವು ಯಾವುವೂ ಇರಲಿಲ್ಲ. ಹುಡುಗನ ಮನೆಯವರಿಗೆ ಫೋನು ಮಾಡಿ ನಾನು ಆಡಿದ ಸುಳ್ಳನ್ನು ತಿದ್ದಿದೆ. "ಯೋಚನೆ ಮಾಡಿ ಹೇಳ್ತೀವಿ" ಎಂದರು. ಇನ್ನೂ ಹೇಳಿಲ್ಲ.

ಮೊನ್ನೆ ಭಾನುವಾರ ಮಗಳು ಊರಿಗೆ ಬಂದವಳು ಆ ಹಾಳೆಯನ್ನು ನೆಲದ ಮೇಲೆ ಹರವಿಕೊಂಡು ಕೂತಳು. "ಅಮ್ಮ, ಇದರಲ್ಲಿ ಬರೀ ನಿನ್ನ ಕಡೆಯವರೇ ಇದ್ದಾರಲ್ಲ. ಅಪ್ಪನ ಕಡೆ ಯಾರಿಗೆ ಏನಿತ್ತು ಅಂತ ಕೇಳಿದೀಯಾ?"

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಮನೆ. ನಾನು ಕೇಳಿರಲಿಲ್ಲ, ನಮ್ಮವರೂ ಹೇಳಿರಲಿಲ್ಲ. ಮಾವನವರು ಐವತ್ತಕ್ಕೇ ಹೋದರೆಂದು ಗೊತ್ತು, ಯಾತರಿಂದ ಎಂದು ಗೊತ್ತಿಲ್ಲ. ಆಗಲೇ ನಾದಿನಿಗೆ ಫೋನು ಹಚ್ಚಿದೆ.

"ಯಾಕೆ ಅತ್ತಿಗೆ?" ಎಂದಳು ಅವಳು, ಸ್ವಲ್ಪ ಹೊತ್ತು ಸುಮ್ಮನಿದ್ದು. "ಹುಡುಗನ ಕಡೆಯವರು ಕೇಳಿದ್ರಾ?"