ಬೀದರಿನ ವಾಯುಸೇನಾ ಶಿಕ್ಷಣದಲ್ಲಿ ಸಿಮ್ಯುಲೇಟರಿನ ಸ್ಥಾನ: ಒಂದು ಐತಿಹಾಸಿಕ ವಿವೇಚನೆ

ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಕಲಬುರಗಿಯನ್ನು ಬಿಟ್ಟು ರಾಜಧಾನಿಯನ್ನಾಗಿ ಆರಿಸಿಕೊಂಡ ಕೆಮ್ಮಣ್ಣಿನ ಎತ್ತರದ ಪ್ರಸ್ಥಭೂಮಿಯ ಮೇಲೆ, ೧೪೭೨ರಲ್ಲಿ ಪೂರ್ಣಗೊಂಡ ಮಹಮೂದ್ ಗಾವಾನನ ಮದರಸಾ ಇಂದಿಗೂ ಅರೆಭಗ್ನವಾಗಿ ನಿಂತಿರುವ ಬೀದರ ನಗರದ ಅಂಚಿನಲ್ಲಿ, ೧೯೬೩ರಿಂದೀಚೆಗೆ ಬೇರೊಂದು ಬಗೆಯ ವಿದ್ಯಾಶಾಲೆಯೂ ನಡೆದುಬಂದಿದೆ. ಭಾರತೀಯ ವಾಯುಸೇನೆಯ ತರುಣರಿಗೆ ವಿಮಾನ ನಡೆಸುವುದನ್ನು ಕಲಿಸುವ ಈ ಕೇಂದ್ರದ ವಿಷಯವಾಗಿ ಜಿಲ್ಲೆಯ ಇತಿಹಾಸ ಬರೆದವರು ಒಂದೆರಡು ವಾಕ್ಯಗಳಿಗಿಂತ ಹೆಚ್ಚು ಬರೆದುದು ಅಪರೂಪ. ಕೋಟೆ, ಬಿದರಿ ಕಲೆ, ಶರಣರ ಪರಂಪರೆ, ನಿಜಾಮನ ಆಳಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಸಾಹಸ, ಇವುಗಳಿಗೆ ಸಲ್ಲಬೇಕಾದ ಗೌರವ ಸಂದಿದೆ. ವಿದ್ಯಾದಾನದ ಇಂತಹ ಚರಿತ್ರೆಯುಳ್ಳ ನೆಲದಲ್ಲಿ ಆಕಾಶವಿದ್ಯೆಯ ಬೋಧನೆಗೂ ಒಂದು ಅಧ್ಯಾಯ ಸಲ್ಲತಕ್ಕದ್ದೆಂಬುದು ನನ್ನ ದೃಢವಾದ ನಂಬಿಕೆ. ಆ ಅಧ್ಯಾಯದಲ್ಲಿ ಸಿಮ್ಯುಲೇಟರ್, ಎಂದರೆ ನೆಲದ ಮೇಲೆಯೇ ನಿಂತು ಹಾರಾಟವನ್ನು ಅನುಕರಿಸುವ ಯಂತ್ರ, ಯಾವ ಅಗತ್ಯದಿಂದ ಹುಟ್ಟಿ ಬೆಳೆದು ಇಲ್ಲಿಯವರೆಗೆ ಬಂದಿತೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಯಂತ್ರದ ಮೂಲವನ್ನು ಅರಸುತ್ತ ಹೋದರೆ ನಾವು ತಲಪುವುದು ಯುದ್ಧದ ಕಾರ್ಖಾನೆಯನ್ನಲ್ಲ, ವಾದ್ಯದ ಕಾರ್ಖಾನೆಯನ್ನು. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಪಿಯಾನೋ ಮತ್ತು ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದವರ ಮಗನಾದ ಎಡ್ವಿನ್ ಲಿಂಕನು ೧೯೨೦ರಲ್ಲಿ ತೆತ್ತ ದುಬಾರಿ ಶುಲ್ಕಕ್ಕೆ ಪ್ರತಿಯಾಗಿ ಪಡೆದ ಮೊದಲ ಹಾರಾಟದ ಪಾಠದಲ್ಲಿ ನಿಯಂತ್ರಣದಂಡವನ್ನು ಮುಟ್ಟುವ ಅವಕಾಶವೇ ಅವನಿಗೆ ದೊರೆಯಲಿಲ್ಲ. ಕಲಿಯುವವನ ಕೈಗೆ ಕೆಲಸವಿಲ್ಲದ ಪಾಠ ಪಾಠವೇ ಅಲ್ಲವೆಂಬ ಅರಿವು ಅವನಲ್ಲಿ ಅಂದೇ ಮೊಳೆತಿರಬೇಕು. ತಂದೆಯ ಕಾರ್ಖಾನೆಯಲ್ಲಿ ಕೈಗೆ ಪಳಗಿದ್ದ ತಿದಿ, ಗಾಳಿಯ ಕೊಳವೆ ಮತ್ತು ಕವಾಟಗಳನ್ನೇ ಬಳಸಿ, ದಂಡವನ್ನು ಆಡಿಸಿದಂತೆ ಮುಂದಕ್ಕೂ ಹಿಂದಕ್ಕೂ ಪಕ್ಕಕ್ಕೂ ವಾಲುವ ಒಂದು ಗಿಡ್ಡ ವಿಮಾನಾಕೃತಿಯನ್ನು ೧೯೨೯ರ ಹೊತ್ತಿಗೆ ಅವನು ನಿರ್ಮಿಸಿದನು; ೧೯೩೧ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಆರಂಭದಲ್ಲಿ ಅದನ್ನು ಕೊಂಡವರಲ್ಲಿ ಜಾತ್ರೆ-ವಿನೋದಗಳ ತಾಣದವರೇ ಅಧಿಕವಾಗಿದ್ದರು. ೧೯೩೪ರಲ್ಲಿ ಅಂಚೆಯ ಚೀಲಗಳನ್ನು ಒಯ್ಯುವ ಹೊಣೆ ಅಮೆರಿಕದ ಸೈನ್ಯದ ವೈಮಾನಿಕರ ಮೇಲೆ ಬಿದ್ದು, ಮೋಡ ಮಂಜುಗಳಲ್ಲಿ ಉಪಕರಣಗಳನ್ನೇ ನೆಚ್ಚಿ ಹಾರುವ ಅಭ್ಯಾಸವಿಲ್ಲದ ಹತ್ತಕ್ಕೂ ಹೆಚ್ಚು ಮಂದಿ ಕೆಲವೇ ವಾರಗಳಲ್ಲಿ ಪ್ರಾಣ ಕಳೆದುಕೊಂಡ ಮೇಲೆಯೇ ಸೇನಾಧಿಕಾರಿಗಳ ದೃಷ್ಟಿ ಈ ಯಂತ್ರದತ್ತ ಹೊರಳಿತು. ಅವರ ಭೇಟಿಗೆಂದು ಲಿಂಕನು ದಟ್ಟವಾದ ಮಂಜಿನ ನಡುವೆ ತಾನೇ ವಿಮಾನ ನಡೆಸಿಕೊಂಡು ನ್ಯೂಆರ್ಕ್ ನಿಲ್ದಾಣಕ್ಕೆ ಬಂದಿಳಿದುದೇ ಅತ್ಯುತ್ತಮವಾದ ಪ್ರಮಾಣವಾಗಿ, ಸೈನ್ಯವು ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಹತ್ತು ಸಾವಿರದಷ್ಟು ಲಿಂಕ್ ಯಂತ್ರಗಳು ತಯಾರಾಗಿ, ಮಿತ್ರರಾಷ್ಟ್ರಗಳ ಲಕ್ಷಾಂತರ ವೈಮಾನಿಕರು ಅವುಗಳ ಕತ್ತಲ ಮುಚ್ಚಳದಡಿ ಕುಳಿತು ಕಲಿತಿದ್ದರು.

ಗಣಕಯಂತ್ರದ ಚರಿತ್ರೆಯೂ ಇದರೊಡನೆ ಹೆಣೆದುಕೊಂಡಿದೆ. ೧೯೪೪ರಲ್ಲಿ ಅಮೆರಿಕದ ನೌಕಾಸೇನೆ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಒಪ್ಪಿಸಿದ ಸಿಮ್ಯುಲೇಟರಿನ ಕೆಲಸವೇ ಜೇ ಫಾರೆಸ್ಟರನ ಕೈಯಲ್ಲಿ ದಿಕ್ಕು ಬದಲಿಸಿ, ತತ್‌ಕ್ಷಣದ ಗಣನೆಗೆ ಸಮರ್ಥವಾದ ‘ವರ್ಲ್‌ವಿಂಡ್’ ಗಣಕವಾಗಿ ಪರಿಣಮಿಸಿತು. ಮುಂದಿನ ದಶಕಗಳಲ್ಲಿ ಗಾಳಿಯ ತಿದಿಗಳ ಸ್ಥಾನವನ್ನು ಆರು ಕಾಲುಗಳ ಚಲಿಸುವ ಪೀಠವೂ, ಬಣ್ಣ ಬಳಿದ ದೃಶ್ಯಪಟದ ಸ್ಥಾನವನ್ನು ಗಣಕವು ಕಲ್ಪಿಸುವ ಚಿತ್ರವೂ ಆಕ್ರಮಿಸಿದುವು.

ನಮ್ಮ ನಾಡಿನಲ್ಲಿ ಈ ವಿದ್ಯೆಯ ತವರು ಬೆಂಗಳೂರು. ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-೨ ತರಬೇತಿ ವಿಮಾನ ೧೯೫೧ರಲ್ಲಿಯೂ, ಕಿರಣ್ ಜೆಟ್ ವಿಮಾನ ೧೯೬೪ರಲ್ಲಿಯೂ ಮೊದಲ ಬಾರಿಗೆ ನೆಲ ಬಿಟ್ಟೆದ್ದುವು. ೧೯೫೭ರಲ್ಲಿ ಅದೇ ನಗರದಲ್ಲಿ ಆರಂಭವಾದ ವೈಮಾನಿಕ ವೈದ್ಯಶಾಲೆ ಮುಂದೆ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಾಗಿ ಬೆಳೆದು, ತೀವ್ರವಾದ ತಿರುವಿನಲ್ಲಿ ದೇಹದ ತೂಕ ಹಲವು ಪಟ್ಟು ಹೆಚ್ಚಿದಂತಾಗುವ ಅವಸ್ಥೆಯನ್ನು ವೈಮಾನಿಕರನ್ನು ಗಿರಗಿರನೆ ತಿರುಗುವ ಯಂತ್ರದಲ್ಲಿ ಕೂರಿಸಿ ಅನುಭವಕ್ಕೆ ತಂದುಕೊಡುತ್ತದೆ. ತೇಜಸ್ ವಿಮಾನವು ೨೦೦೧ರ ಜನವರಿ ೪ರಂದು ಪ್ರಥಮವಾಗಿ ಹಾರುವ ಮುನ್ನ ಅದರ ನಿಯಂತ್ರಣ ಸೂತ್ರಗಳನ್ನು ವರ್ಷಗಟ್ಟಲೆ ಒರೆಗೆ ಹಚ್ಚಿದುದೂ ಬೆಂಗಳೂರಿನ ಸಿಮ್ಯುಲೇಟರಿನಲ್ಲಿಯೇ. ಹೆಲಿಕಾಪ್ಟರ್ ನಡೆಸುವವರಿಗಾಗಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯು ಕೆನಡಾದ ಸಿಎಇ ಸಂಸ್ಥೆಯೊಡನೆ ಕೂಡಿ ಸ್ಥಾಪಿಸಿದ ಹ್ಯಾಟ್ಸಾಫ್ ಶಾಲೆಯೂ ಅಲ್ಲಿಯೇ ಇದೆ.

ಯಂತ್ರವನ್ನು ರಚಿಸುವವರು ಬೆಂಗಳೂರಿನಲ್ಲಿದ್ದರೂ, ಅದು ಏಕೆ ಬೇಕೆಂಬ ಪ್ರಶ್ನೆಗೆ ಉತ್ತರ ದೊರೆಯುವುದು ಬೀದರಿನಂತಹ ಬೋಧನಾಕೇಂದ್ರಗಳಲ್ಲಿ. ಕಿರಣ್ ವಿಮಾನದಲ್ಲಿ ಬೋಧಕನ ಪಕ್ಕದಲ್ಲಿಯೇ ಕುಳಿತು ಕಲಿತ ತರುಣನು ಕೆಲಕಾಲದಲ್ಲಿಯೇ ಶಬ್ದವೇಗದ ಇಮ್ಮಡಿಯಾಗಿ ಹಾರಬಲ್ಲ, ಇಳಿಯುವಾಗಲೂ ಭಯಂಕರ ವೇಗವನ್ನು ಬಿಡದ ಮಿಗ್-೨೧ ವಿಮಾನಕ್ಕೆ ದಾಟಿಕೊಳ್ಳಬೇಕಾಗಿತ್ತು. ಇವೆರಡರ ನಡುವಣ ಕಂದರಕ್ಕೆ ಸೇತುವೆಯಾಗಬಲ್ಲ ಉನ್ನತ ಜೆಟ್ ತರಬೇತಿ ವಿಮಾನವೊಂದು ಬೇಕೆಂದು ಏರ್ ಮಾರ್ಷಲ್ ಡೆನಿಸ್ ಲಾ ಫಾಂಟೇನ್ ಅವರ ಸಮಿತಿ ೧೯೮೨ರಲ್ಲಿ ತಿಳಿಸಿತು. ಅಂತಹ ವಿಮಾನವನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಬಿದ್ದುದು ೨೦೦೪ರ ಮಾರ್ಚಿಯಲ್ಲಿ. ನಡುವೆ ಸರಿದ ಇಪ್ಪತ್ತೆರಡು ವರ್ಷಗಳಲ್ಲಿ ಅಪಘಾತಗಳಿಗೆ ಬಲಿಯಾದ ಎಳೆಯ ವೈಮಾನಿಕರನ್ನು ನೆನೆದರೆ ಈ ವಿಳಂಬವನ್ನು ಕೇವಲ ಕಡತಗಳ ಮಂದಗತಿಯೆಂದು ಕರೆಯಲು ನನಗೆ ಮನಸ್ಸೊಪ್ಪದು. ರಾಷ್ಟ್ರವು ತನ್ನ ಮಕ್ಕಳಿಗೆ ಸಲ್ಲಿಸಬೇಕಾಗಿದ್ದ ಋಣವೊಂದು ಅಷ್ಟು ಕಾಲ ಬಾಕಿಯಾಗಿ ಉಳಿದಿತ್ತು. ಬ್ರಿಟನ್ನಿನಿಂದ ಸಿದ್ಧವಾಗಿ ಬರುವ ೨೪ ಮತ್ತು ಬೆಂಗಳೂರಿನಲ್ಲಿ ತಯಾರಾಗುವ ೪೨, ಅಂತು ೬೬ ಹಾಕ್ ವಿಮಾನಗಳ ಈ ಒಪ್ಪಂದದ ಫಲವಾಗಿ, ೨೦೦೮ರ ಫೆಬ್ರುವರಿ ೨೩ರಂದು ರಕ್ಷಣಾಮಂತ್ರಿ ಎ. ಕೆ. ಆಂಟನಿಯವರ ಸಮಕ್ಷಮದಲ್ಲಿ ಹಾಕ್ ಬೀದರಿನಲ್ಲಿ ವಾಯುಸೇನೆಯನ್ನು ಸೇರಿತು. ವಿಮಾನದೊಡನೆ ಅದರ ಸಿಮ್ಯುಲೇಟರೂ ಪಾಠಕ್ರಮದ ಅಂಗವಾಗಿ ಬಂದಿತು.

ಹಾಕ್ ವಿಮಾನದಲ್ಲಿ ಕಣ್ಣೆದುರಿನ ಗಾಜಿನ ಮೇಲೆಯೇ ಅಂಕಿ ಅಂಶಗಳು ಮೂಡುತ್ತವೆ. ಹಳೆಯ ಮುಳ್ಳಿನ ಗಡಿಯಾರಗಳ ಬದಲು ಪರದೆಗಳಿವೆ. ದಂಡವನ್ನೂ ಥ್ರಾಟಲನ್ನೂ ಹಿಡಿದ ಕೈಬೆರಳುಗಳು ಅಲ್ಲಿಂದ ಕದಲದೆ ಹತ್ತಾರು ಗುಂಡಿಗಳನ್ನು ಒತ್ತಬೇಕು. ಇಷ್ಟನ್ನು ಕಲಿಯುವ ಹೊಣೆಯನ್ನು ಗಂಟೆಗೆ ನೂರಾರು ಕಿಲೋಮೀಟರು ವೇಗದಲ್ಲಿ ಸಾಗುತ್ತಿರುವಾಗಲೇ ಹೊರಿಸುವುದು ಅನ್ಯಾಯವೂ ಅಪಾಯಕಾರಿಯೂ ಆದುದರಿಂದ, ಬೆರಳಿನ ಈ ಅಭ್ಯಾಸವು ನೆಲದ ಮೇಲೆಯೇ ಕೈಗೂಡುವುದು ಲೇಸು. ಆದರೆ ಸಿಮ್ಯುಲೇಟರಿನ ನಿಜವಾದ ಮಹತ್ವ ಇದಕ್ಕಿಂತ ಆಳವಾದುದೆಂಬುದೇ ಈ ಲೇಖನದ ಮುಖ್ಯ ಪ್ರತಿಪಾದನೆ. ಬಾವಿಯಲ್ಲಿ ಮಗನಿಗೆ ಈಜು ಕಲಿಸುವ ತಂದೆಯು ಅವನು ನೀರು ಕುಡಿಯುವುದಕ್ಕೆ ಮುಂಚೆಯೇ ರಟ್ಟೆ ಹಿಡಿದು ಮೇಲೆತ್ತುವಂತೆ, ಆಕಾಶದಲ್ಲಿ ಬೋಧಕನು ಶಿಷ್ಯನ ತಪ್ಪು ಪೂರ್ಣವಾಗುವುದಕ್ಕೆ ಮುನ್ನವೇ ನಿಯಂತ್ರಣವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕಾಗುವುದು. ಆದುದರಿಂದ ತನ್ನ ತಪ್ಪು ಎಲ್ಲಿಗೆ ಕೊಂಡೊಯ್ಯುತ್ತಿತ್ತೆಂಬುದನ್ನು ಶಿಷ್ಯನು ಕಣ್ಣಾರೆ ಕಾಣುವುದಿಲ್ಲ. ಬೋಧಕನ ಮಾತಿನಿಂದ ತಿಳಿದುಕೊಳ್ಳುವನಷ್ಟೆ. ಸಿಮ್ಯುಲೇಟರಿನಲ್ಲಿ ಮಾತ್ರ ತಪ್ಪನ್ನು ಅದರ ಕೊನೆಯವರೆಗೆ ಹರಿಯಬಿಡಬಹುದು. ಬೋಧಕನು ಹಿಂದಿನ ಮೇಜಿನಲ್ಲಿ ಕುಳಿತು, ನೆಲ ಬಿಟ್ಟೇಳುವ ಹೊತ್ತಿನಲ್ಲಿಯೇ ಎಂಜಿನನ್ನು ಆರಿಸಬಲ್ಲನು, ಹಕ್ಕಿಯೊಂದು ಬಡಿದಂತೆ ಮಾಡಬಲ್ಲನು, ಮೋಡ ಕವಿಸಬಲ್ಲನು. ಶಿಷ್ಯನು ತೀರ್ಮಾನಕ್ಕೆ ತಡಮಾಡಿದರೆ ವಿಮಾನ ಪರದೆಯ ಮೇಲೆ ನೆಲಕ್ಕಪ್ಪಳಿಸುವುದು; ಅನಂತರ ಆಟವನ್ನು ಹಿಂದಕ್ಕೆ ತಿರುಗಿಸಿ, ವಿವೇಕ ಜಾರಿದ ಆ ಒಂದು ಕ್ಷಣದಲ್ಲಿ ನಿಲ್ಲಿಸಿ, ಇಬ್ಬರೂ ಕುಳಿತು ವಿಚಾರ ಮಾಡಬಹುದು. ಎಂಜಿನ್ ನಿಂತ ವಿಮಾನದಿಂದ ಯಾವಾಗ ಹೊರಜಿಗಿಯಬೇಕೆಂಬ ನಿರ್ಧಾರವನ್ನಂತೂ ನಿಜವಾದ ಹಾರಾಟದಲ್ಲಿ ಅಭ್ಯಾಸ ಮಾಡಿಸುವ ದಾರಿಯೇ ಇಲ್ಲ.

ಇದರ ಮಿತಿಯನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು. ಆರು ಕಾಲುಗಳ ಪೀಠವು ಪ್ರಯಾಣಿಕ ವಿಮಾನದ ಮೆಲ್ಲನೆಯ ಓಲಾಟವನ್ನು ಅನುಕರಿಸಬಲ್ಲದೇ ಹೊರತು, ಯುದ್ಧವಿಮಾನದ ತಿರುವಿನಲ್ಲಿ ಮೈಯನ್ನು ಹಲವು ಕ್ಷಣಗಳ ಕಾಲ ಹಿಂಡುವ ಭಾರವನ್ನು ಕೊಡಲಾರದು. ಆದಕಾರಣ ಯುದ್ಧವಿಮಾನಗಳ ಸಿಮ್ಯುಲೇಟರುಗಳಲ್ಲಿ ಅನೇಕವು ಚಲನೆಯನ್ನು ಬಿಟ್ಟುಕೊಟ್ಟು ಸುತ್ತಲೂ ವ್ಯಾಪಿಸಿದ ದೃಶ್ಯವನ್ನೇ ನೆಚ್ಚಿಕೊಂಡಿವೆ. ಕಣ್ಣು ತಿರುಗಿತೆಂದು ಹೇಳುವಾಗ ದೇಹ ಅಲ್ಲವೆಂದರೆ ಕೆಲವರಿಗೆ ವಾಕರಿಕೆ ಬರುವುದೂ ಉಂಟು. ಸ್ಟಾನ್ಲಿ ರಾಸ್ಕೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೭೦ರ ದಶಕದ ಆದಿಯಲ್ಲಿ ವಾದಿಸಿದಂತೆ, ಸಿಮ್ಯುಲೇಟರಿನ ಮೊದಲ ಗಂಟೆಗಳು ಆಕಾಶದ ಗಂಟೆಗಳನ್ನು ಬಹಳವಾಗಿ ಉಳಿಸುತ್ತವೆ, ಮುಂದಿನವು ಕಡಿಮೆ ಉಳಿಸುತ್ತವೆ, ಒಂದು ಹಂತವನ್ನು ಮೀರಿದರೆ ಪ್ರಯೋಜನ ಅತ್ಯಲ್ಪವಾಗುತ್ತದೆ. ಬೀದರಿನಲ್ಲಿ ಹಾಕ್ ಬಂದ ಎರಡೇ ತಿಂಗಳಲ್ಲಿ, ೨೦೦೮ರ ಏಪ್ರಿಲಿನಲ್ಲಿ, ಒಂದು ವಿಮಾನ ಮೇಲೇರುವಾಗಲೇ ಅಪಘಾತಕ್ಕೀಡಾಯಿತೆಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

ಸಿಮ್ಯುಲೇಟರಿನಿಂದ ಪ್ರಯೋಜನ ಪಡೆಯುವವರು ವೈಮಾನಿಕರು ಮಾತ್ರವೆಂದು ಎಣಿಸುವುದು ಸಮಂಜಸವಲ್ಲ. ೧೯೯೬ರಲ್ಲಿ ಬೀದರಿನಲ್ಲಿ ಜನ್ಮ ತಾಳಿದ, ವಾಯುಸೇನೆಯ ಹಾರಾಟ ಪ್ರದರ್ಶನದ ಸೂರ್ಯಕಿರಣ ತಂಡದ ವಿಮಾನಗಳ ಮಾಟವಾದ ಸಾಲುಗಳು ಈ ಜಿಲ್ಲೆಯ ಜನರಿಗೆ ಹೆಮ್ಮೆಯ ವಸ್ತುವಾದಂತೆ, ೨೦೦೬ರ ಮಾರ್ಚಿಯಲ್ಲಿ ಆ ತಂಡದ ಇಬ್ಬರೂ ೨೦೦೯ರ ಜನವರಿಯಲ್ಲಿ ಇನ್ನೊಬ್ಬರೂ ಬೀದರಿನ ಆಸುಪಾಸಿನಲ್ಲಿಯೇ ಮೃತಪಟ್ಟುದು ಅವರ ದುಃಖವೂ ಆಗಿತ್ತು. ಮಾಂಜ್ರಾ ಮತ್ತು ಕಾರಂಜಾ ನದಿಗಳ ನೀರುಣ್ಣುವ ಭಾಲ್ಕಿಯ ಹೊಲಗಳಲ್ಲಿ, ಕರ್ನಾಟಕದ ಉತ್ತರದ ತುದಿಯಾದ ಔರಾದಿನ ತೊಗರಿ ಉದ್ದುಗಳ ಬಯಲಿನಲ್ಲಿ ಬಗ್ಗಿ ಕೆಲಸ ಮಾಡುವ ರೈತನಿಗೆ, ವಾಯುನೆಲೆಯ ಬೇಲಿಯೊಳಗಿನ ಆ ಯಂತ್ರ ಕಾಣುವುದಿಲ್ಲ, ಅದರ ಸದ್ದೂ ಕೇಳುವುದಿಲ್ಲ. ಆದರೂ ನೆಲದ ಮೇಲೆ ಮುಗಿದುಹೋದ ಒಂದೊಂದು ತಪ್ಪೂ ಅವನ ಹೊಲದ ಮೇಲಣ ಆಕಾಶದಲ್ಲಿ ನಡೆಯದೆ ಹೋದ ತಪ್ಪೇ ಆದುದರಿಂದ, ಯಂತ್ರಕ್ಕೆ ಮಾಡಿದ ವೆಚ್ಚವನ್ನು ಲೆಕ್ಕ ಹಾಕುವವರು ಆ ರೈತನ ಕ್ಷೇಮವನ್ನೂ ಜಮೆಯ ಪಕ್ಕದಲ್ಲಿ ಬರೆಯತಕ್ಕದ್ದು.

ಕಿರಣಿನ ಕಾಲದಿಂದ ಹಾಕಿನ ಕಾಲದವರೆಗೆ ಇಲ್ಲಿ ಕಲಿಸಿದ ಬೋಧಕರಲ್ಲಿ ಹಿರಿಯರು ಈಗ ನಿವೃತ್ತರಾಗಿದ್ದಾರೆ. ಪಕ್ಕದ ಆಸನದಲ್ಲಿ ಕುಳಿತು ಕೈಯಿಂದ ಕಲಿಸಿದ ಅವರ ಪದ್ಧತಿಗೂ, ಮೇಜಿನ ಹಿಂದೆ ಕುಳಿತು ತಪ್ಪನ್ನು ಪೂರ್ಣವಾಗಬಿಡುವ ಇಂದಿನ ಪದ್ಧತಿಗೂ ಇರುವ ಅಂತರವನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕಾರ್ಯವನ್ನು ಕಲ್ಯಾಣ ಕರ್ನಾಟಕದ ಯಾವುದಾದರೊಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗವು ಕೈಗೆತ್ತಿಕೊಳ್ಳುವುದಾದರೆ, ಸೈನಿಕ ರಹಸ್ಯವಾವುದಕ್ಕೂ ಭಂಗ ಬಾರದಂತೆ ಈ ಬೋಧನೆಯ ಚರಿತ್ರೆಯನ್ನು ಕನ್ನಡದಲ್ಲಿಯೇ ಸಂಗ್ರಹಿಸಬಹುದಾಗಿದೆ.