ಪ್ರಾಸ್ಪೆರೊ (ವ್ಯವಸ್ಥಿತ ಪರಾಮರ್ಶೆಗಳ ನೋಂದಣಿ)

ಪ್ರಾಸ್ಪೆರೊ ಎಂಬುದು ಆರೋಗ್ಯಕ್ಷೇತ್ರದಲ್ಲಿ ಕೈಗೊಳ್ಳಲು ಉದ್ದೇಶಿಸಿರುವ ವ್ಯವಸ್ಥಿತ ಪರಾಮರ್ಶೆಗಳನ್ನು ಮುಂಚಿತವಾಗಿ ದಾಖಲಿಸುವ ಅಂತರರಾಷ್ಟ್ರೀಯ ನೋಂದಣಿ ಕೋಶ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ‘ಸೆಂಟರ್ ಫಾರ್ ರಿವ್ಯೂಸ್ ಅಂಡ್ ಡಿಸೆಮಿನೇಶನ್’ (ಸಿಆರ್‌ಡಿ) ಎಂಬ ಕೇಂದ್ರವು ಇದನ್ನು 2011ರ ಫೆಬ್ರವರಿಯಲ್ಲಿ ಆರಂಭಿಸಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯು (ಎನ್‌ಐಎಚ್‌ಆರ್) ಇದಕ್ಕೆ ಧನಸಹಾಯ ನೀಡುತ್ತದೆ. ಒಂದೇ ವಿಷಯದ ಮೇಲೆ ಹಲವರು ಅರಿಯದೆ ಒಂದೇ ಕೆಲಸವನ್ನು ಮಾಡುವುದನ್ನು ತಪ್ಪಿಸುವುದು ಹಾಗೂ ಫಲಿತಾಂಶ ಕಂಡ ಬಳಿಕ ಅಧ್ಯಯನದ ಉದ್ದೇಶವನ್ನು ಸದ್ದಿಲ್ಲದೆ ಬದಲಿಸುವುದಕ್ಕೆ ತಡೆಯೊಡ್ಡುವುದು ಇದರ ಎರಡು ಮುಖ್ಯ ಗುರಿಗಳು.

ವ್ಯವಸ್ಥಿತ ಪರಾಮರ್ಶೆ ಎಂದರೇನು

ಒಂದು ನಿರ್ದಿಷ್ಟ ಪ್ರಶ್ನೆಗೆ ಸಂಬಂಧಿಸಿದ ಎಲ್ಲ ಸಂಶೋಧನೆಗಳನ್ನು ಮೊದಲೇ ಗೊತ್ತುಪಡಿಸಿದ ನಿಯಮಗಳಂತೆ ಹುಡುಕಿ, ಆಯ್ದು, ಅವುಗಳ ಗುಣಮಟ್ಟವನ್ನು ಅಳೆದು, ಒಟ್ಟು ತಾತ್ಪರ್ಯವನ್ನು ಹೇಳುವ ಅಧ್ಯಯನವೇ ವ್ಯವಸ್ಥಿತ ಪರಾಮರ್ಶೆ. ಇಂಗ್ಲಿಷಿನಲ್ಲಿ ಇದು ಸಿಸ್ಟಮ್ಯಾಟಿಕ್ ರಿವ್ಯೂ ಎಂದು ಪ್ರಸಿದ್ಧ. ಬೇರೆ ಬೇರೆ ಪ್ರಯೋಗಗಳ ಅಂಕಿಗಳನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಒಗ್ಗೂಡಿಸಿದರೆ ಅದನ್ನು ಮೆಟಾ-ಅನಾಲಿಸಿಸ್ ಎನ್ನುತ್ತಾರೆ. ಲೇಖಕನು ತನಗೆ ತೋಚಿದ ಕೆಲವು ಪ್ರಬಂಧಗಳನ್ನು ಆಯ್ದು ಬರೆಯುವ ಸಾಮಾನ್ಯ ಸಾಹಿತ್ಯಾವಲೋಕನಕ್ಕಿಂತ ಇದು ಭಿನ್ನವಾದುದು. ವೈದ್ಯಕೀಯ ಮಾರ್ಗಸೂಚಿಗಳನ್ನು ರೂಪಿಸುವವರು ಇಂತಹ ಪರಾಮರ್ಶೆಗಳನ್ನು ಬಹುವಾಗಿ ಆಶ್ರಯಿಸುತ್ತಾರೆ. ಆದುದರಿಂದ ಪರಾಮರ್ಶೆಯಲ್ಲಿ ನುಸುಳಿದ ದೋಷವು ಅಂತಿಮವಾಗಿ ರೋಗಿಯ ಚಿಕಿತ್ಸೆಯನ್ನೇ ಮುಟ್ಟುತ್ತದೆ.

ಹಿನ್ನೆಲೆ

ಹಿಂದಿನ ಅಧ್ಯಯನಗಳನ್ನು ಒಟ್ಟಾಗಿ ನೋಡದಿದ್ದರೆ ಆಗುವ ಹಾನಿಗೆ ಸ್ಟ್ರೆಪ್ಟೋಕೈನೇಸ್ ಎಂಬ ಔಷಧದ ಕಥೆ ಪ್ರಸಿದ್ಧ ನಿದರ್ಶನ. ಹೃದಯಾಘಾತವಾದವರಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಈ ಔಷಧದ ಮೇಲೆ 1959ರಿಂದ 1988ರವರೆಗೆ 33 ಪ್ರಯೋಗಗಳು ನಡೆದವು. 1992ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯು ಅವನ್ನು ಕಾಲಾನುಕ್ರಮದಲ್ಲಿ ಒಂದೊಂದಾಗಿ ಕೂಡಿಸುತ್ತ ಹೋಯಿತು. 1973ರ ವೇಳೆಗೇ, 8 ಪ್ರಯೋಗಗಳ 2,432 ರೋಗಿಗಳ ಮಾಹಿತಿಯಿಂದಲೇ, ಔಷಧವು ಸಾವನ್ನು ತಗ್ಗಿಸುತ್ತದೆ ಎಂಬುದು ಸ್ಪಷ್ಟವಾಗಿತ್ತೆಂದು ಅದರಿಂದ ತಿಳಿದುಬಂದಿತು. ಆ ಬಳಿಕ ನಡೆದ 25 ಪ್ರಯೋಗಗಳಲ್ಲಿ ಇನ್ನೂ 34,542 ರೋಗಿಗಳನ್ನು ಸೇರಿಸಿಕೊಂಡಿದ್ದರೂ ತೀರ್ಮಾನವು ಬಹುಮಟ್ಟಿಗೆ ಬದಲಾಗಲಿಲ್ಲ. ಆ ಪ್ರಯೋಗಗಳಲ್ಲಿ ಹೋಲಿಕೆಯ ಗುಂಪಿಗೆ ಸೇರಿದ ರೋಗಿಗಳಿಗೆ ಈ ಔಷಧವು ದೊರೆತಿರಲಿಲ್ಲ ಎಂಬುದನ್ನು ನೆನೆದರೆ ಅನಗತ್ಯ ಪುನರಾವರ್ತನೆಯ ಬೆಲೆ ಅರಿವಾಗುತ್ತದೆ.

ಇಂತಹ ವ್ಯರ್ಥವನ್ನು ತಡೆಯಬೇಕಾದ ಪರಾಮರ್ಶೆಗಳೇ ಮುಂದೆ ವ್ಯರ್ಥ ಪುನರಾವರ್ತನೆಗೆ ಒಳಗಾದವು. 2010ರಲ್ಲಿ ಪ್ರಕಟವಾದ ಮೆಟಾ-ಅನಾಲಿಸಿಸ್‌ಗಳಲ್ಲಿ 73ನ್ನು ಯಾದೃಚ್ಛಿಕವಾಗಿ ಆಯ್ದು ಪರಿಶೀಲಿಸಿದ ಒಂದು ಅಧ್ಯಯನವು 2013ರಲ್ಲಿ ‘ಬಿಎಂಜೆ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳ ಪೈಕಿ 49ಕ್ಕೆ, ಅಂದರೆ ಮೂರರಲ್ಲಿ ಎರಡು ಭಾಗಕ್ಕೆ, ಅದೇ ವಿಷಯದ ಮೇಲೆ ಕನಿಷ್ಠ ಇನ್ನೊಂದು ಮೆಟಾ-ಅನಾಲಿಸಿಸ್ ಇದ್ದುದು ಕಂಡುಬಂದಿತು.

ಕ್ಲಿನಿಕಲ್ ಪ್ರಯೋಗಗಳ ವಿಷಯದಲ್ಲಿ ನೋಂದಣಿಯ ಪದ್ಧತಿ ಇದಕ್ಕೂ ಮೊದಲೇ ಬೇರೂರಿತ್ತು. ಅಮೆರಿಕದ ‘ಕ್ಲಿನಿಕಲ್‌ಟ್ರಯಲ್ಸ್.ಗವ್’ 2000ದಲ್ಲಿ ಆರಂಭವಾಯಿತು. ನೋಂದಣಿಯಾಗದ ಪ್ರಯೋಗಗಳನ್ನು ಪ್ರಕಟಿಸುವುದಿಲ್ಲವೆಂಬ ನಿಯಮವನ್ನು ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು 2005ರಿಂದ ಜಾರಿಗೆ ತಂದಿತು. ಇದೇ ತತ್ತ್ವವನ್ನು ಪರಾಮರ್ಶೆಗಳಿಗೂ ಅನ್ವಯಿಸಿದ್ದರ ಫಲವೇ ಪ್ರಾಸ್ಪೆರೊ. 2018ರ ಹೊತ್ತಿಗೆ ಇದರಲ್ಲಿನ ದಾಖಲೆಗಳ ಸಂಖ್ಯೆ ಸುಮಾರು 30,000ಕ್ಕೆ ಏರಿತ್ತು.

ನೋಂದಣಿಯ ವಿಧಾನ

ನೋಂದಣಿ ಉಚಿತ, ಯಾವ ದೇಶದ ಸಂಶೋಧಕರೂ ನೋಂದಾಯಿಸಬಹುದು. ಆಯ್ದ ಅಧ್ಯಯನಗಳಿಂದ ಮಾಹಿತಿಯನ್ನು ಹೊರತೆಗೆಯುವ ಹಂತ ಆರಂಭವಾಗುವ ಮೊದಲೇ ಅರ್ಜಿ ಸಲ್ಲಿಸಬೇಕು. ಆರಂಭದಲ್ಲಿ ರೂಪಿಸಿದ ನಮೂನೆಯಲ್ಲಿ ಒಟ್ಟು 40 ಅಂಶಗಳಿದ್ದು, ಅವುಗಳಲ್ಲಿ 22 ಕಡ್ಡಾಯವಾಗಿಯೂ 18 ಐಚ್ಛಿಕವಾಗಿಯೂ ಇದ್ದವು. ಪರಾಮರ್ಶೆಯ ಪ್ರಶ್ನೆ, ಹುಡುಕುವ ಮೂಲಗಳು, ಅಧ್ಯಯನಗಳನ್ನು ಸೇರಿಸುವ ಹಾಗೂ ಕೈಬಿಡುವ ನಿಯಮಗಳು, ಮುಖ್ಯ ಫಲಿತಾಂಶ, ದೋಷಸಂಭವವನ್ನು ಅಳೆಯುವ ಬಗೆ, ಧನಸಹಾಯದ ಮೂಲ, ಹಿತಾಸಕ್ತಿಯ ಸಂಘರ್ಷ ಮೊದಲಾದವುಗಳನ್ನು ಅದರಲ್ಲಿ ತಿಳಿಸಬೇಕಾಗುತ್ತದೆ.

ಪ್ರಶ್ನೆಯನ್ನು ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿ ವಿಂಗಡಿಸಲಾಗುತ್ತದೆ: ಯಾರಲ್ಲಿ, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಿತಾಂಶ. ಉದಾಹರಣೆಗೆ, ‘ಟೈಪ್ 2 ಮಧುಮೇಹವಿರುವ ವಯಸ್ಕರಲ್ಲಿ ಮೆಂತ್ಯದ ಸೇವನೆಯು, ಅದನ್ನು ಸೇವಿಸದವರಿಗೆ ಹೋಲಿಸಿದಾಗ, ಮೂರು ತಿಂಗಳ ಸರಾಸರಿ ಸಕ್ಕರೆ ಮಟ್ಟವನ್ನು ತಗ್ಗಿಸುತ್ತದೆಯೇ?’ ಎಂಬ ಪ್ರಶ್ನೆಯಲ್ಲಿ ಈ ನಾಲ್ಕೂ ಅಂಶಗಳಿವೆ.

ಅರ್ಜಿಯು ಅಂಗೀಕೃತವಾದಾಗ ‘ಸಿಆರ್‌ಡಿ42’ ಎಂದು ಆರಂಭವಾಗುವ ವಿಶಿಷ್ಟ ಸಂಖ್ಯೆಯೊಂದು ದೊರೆಯುತ್ತದೆ. ಮುಂದೆ ಪ್ರಬಂಧವನ್ನು ಪ್ರಕಟಿಸುವಾಗ ಲೇಖಕರು ಈ ಸಂಖ್ಯೆಯನ್ನು ನಮೂದಿಸುತ್ತಾರೆ. ಯೋಜನೆಯಲ್ಲಿ ಬದಲಾವಣೆ ಮಾಡುವುದಕ್ಕೆ ಅವಕಾಶವಿದೆ. ಆದರೆ ಹಳೆಯ ಆವೃತ್ತಿಯು ಅಳಿದುಹೋಗದೆ ದಿನಾಂಕಸಹಿತ ಉಳಿದಿರುತ್ತದೆ. ಕಾಕ್ರೇನ್ ಸಂಸ್ಥೆಯ ಪರಾಮರ್ಶೆಗಳ ಯೋಜನೆಗಳು ಲೇಖಕರು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸದೆಯೇ ಇಲ್ಲಿ ಸೇರುತ್ತವೆ. ಆರೋಗ್ಯಸಂಬಂಧಿ ಫಲಿತಾಂಶವಿದ್ದರೆ ಸಮಾಜಕಲ್ಯಾಣ, ಶಿಕ್ಷಣ ಮುಂತಾದ ಕ್ಷೇತ್ರಗಳ ಪರಾಮರ್ಶೆಗಳನ್ನೂ ಸ್ವೀಕರಿಸಲಾಗುತ್ತದೆ. ಸ್ಕೋಪಿಂಗ್ ರಿವ್ಯೂಗಳನ್ನೂ ಸಾಮಾನ್ಯ ಸಾಹಿತ್ಯಾವಲೋಕನಗಳನ್ನೂ ಸ್ವೀಕರಿಸುವುದಿಲ್ಲ.

ಪ್ರಯೋಜನಗಳು

ಹೊಸ ಪರಾಮರ್ಶೆಯನ್ನು ಆರಂಭಿಸಲು ಬಯಸುವವರು ಮೊದಲು ಈ ಕೋಶದಲ್ಲಿ ಹುಡುಕಿದರೆ, ಪ್ರಕಟವಾಗದೆ ಇನ್ನೂ ನಡೆಯುತ್ತಿರುವ ಕೆಲಸವೂ ಕಣ್ಣಿಗೆ ಬೀಳುತ್ತದೆ. ಪ್ರಕಟಿತ ಪ್ರಬಂಧಗಳ ಸೂಚಿಗಳಿಂದ ಇದು ಸಾಧ್ಯವಿಲ್ಲ. ಆಗ ಸಂಶೋಧಕರು ಪ್ರಶ್ನೆಯನ್ನು ಬದಲಿಸಬಹುದು, ಆ ತಂಡದೊಡನೆ ಕೈಜೋಡಿಸಬಹುದು ಅಥವಾ ಅದರ ಫಲಿತಾಂಶಕ್ಕಾಗಿ ಕಾಯಬಹುದು.

ಎರಡನೆಯ ಪ್ರಯೋಜನವು ಪ್ರಾಮಾಣಿಕತೆಗೆ ಸಂಬಂಧಿಸಿದುದು. ಮೇಲಿನ ಉದಾಹರಣೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತಗ್ಗದೆ, ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಮಾತ್ರ ತಗ್ಗಿತೆಂದು ಭಾವಿಸೋಣ. ಲೇಖಕರು ಎರಡನೆಯದನ್ನೇ ಮುಖ್ಯ ಫಲಿತಾಂಶವೆಂದು ಬರೆದುಬಿಟ್ಟರೆ ಓದುಗರಿಗೆ ಅದು ತಿಳಿಯುವ ದಾರಿಯಿಲ್ಲ. ಮೊದಲೇ ನೋಂದಣಿಯಾಗಿದ್ದರೆ ಯಾರು ಬೇಕಾದರೂ ಎರಡನ್ನೂ ಹೋಲಿಸಿ ನೋಡಬಹುದು. ಈ ಆತಂಕ ಆಧಾರರಹಿತವಲ್ಲ: 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಾಕ್ರೇನ್‌ನ 288 ಪರಾಮರ್ಶೆಗಳನ್ನು ಅವುಗಳ ಮೂಲ ಯೋಜನೆಗಳೊಡನೆ ಹೋಲಿಸಿದಾಗ 64ರಲ್ಲಿ ಕನಿಷ್ಠ ಒಂದು ಫಲಿತಾಂಶದ ವಿಷಯದಲ್ಲಿ ವ್ಯತ್ಯಾಸ ಕಂಡುಬಂದಿತು. ಎಲ್ಲ ವ್ಯತ್ಯಾಸವೂ ದುರುದ್ದೇಶದ್ದಲ್ಲ. ಆದರೆ ಕಾರಣವನ್ನು ಕೇಳಲು ಮೂಲ ಯೋಜನೆಯು ಎದುರಿಗಿರಬೇಕು.

ಪರಾಮರ್ಶೆಗಳ ವರದಿಗೆ ಮಾರ್ಗದರ್ಶಿಯಾದ ‘ಪ್ರಿಸ್ಮಾ’ ಸೂಚಿಯು 2009ರ ಹಾಗೂ 2020ರ ಆವೃತ್ತಿಗಳೆರಡರಲ್ಲಿಯೂ ನೋಂದಣಿಯ ವಿವರವನ್ನು ತಿಳಿಸುವಂತೆ ಸೂಚಿಸಿದೆ.

ಮಿತಿಗಳು

ಪ್ರಾಸ್ಪೆರೊದಲ್ಲಿ ನೋಂದಣಿಯಾದ ಮಾತ್ರಕ್ಕೆ ಒಂದು ಪರಾಮರ್ಶೆಯು ಉತ್ತಮವೆಂದು ಅರ್ಥವಲ್ಲ. ಅರ್ಜಿಯು ವ್ಯಾಪ್ತಿಗೆ ಒಳಪಡುತ್ತದೆಯೇ, ವಿವರಗಳು ಪೂರ್ಣವಾಗಿವೆಯೇ ಎಂಬುದನ್ನಷ್ಟೇ ನೋಡಲಾಗುತ್ತದೆ. ವಿಧಾನದ ಗುಣಮಟ್ಟಕ್ಕೆ ತಜ್ಞರ ವಿಮರ್ಶೆ ಇರುವುದಿಲ್ಲ. ಒಂದೇ ಪ್ರಶ್ನೆಯ ಮೇಲೆ ಇಬ್ಬರು ನೋಂದಾಯಿಸುವುದನ್ನು ಈ ವ್ಯವಸ್ಥೆಯು ಬಲವಂತವಾಗಿ ತಡೆಯುವುದೂ ಇಲ್ಲ. 2020ರಲ್ಲಿ ಕೋವಿಡ್-19 ಸಂಬಂಧಿತ ಅರ್ಜಿಗಳಿಗೆ ಆದ್ಯತೆ ನೀಡಲಾಯಿತು; ಅದೇ ಅವಧಿಯಲ್ಲಿ ಒಂದೇ ಬಗೆಯ ಪ್ರಶ್ನೆಗಳ ಮೇಲೆ ಹಲವು ತಂಡಗಳು ನೋಂದಾಯಿಸಿಕೊಂಡದ್ದೂ ಉಂಟು. ಕೆಲಸವು ಮುಗಿದರೂ ನಿಂತುಹೋದರೂ ದಾಖಲೆಯನ್ನು ಪರಿಷ್ಕರಿಸದೆ ಬಿಡುವ ಲೇಖಕರಿಂದ ಇನ್ನೊಂದು ತೊಡಕು ಉಂಟಾಗುತ್ತದೆ: ಆ ವಿಷಯವನ್ನು ಬೇರೆಯವರು ಮಾಡುತ್ತಿದ್ದಾರೆಂದು ತಿಳಿದು ಹೊಸಬರು ಹಿಂಜರಿಯಬಹುದು.

ಪುನರಾವರ್ತನೆಯೆಲ್ಲವೂ ವ್ಯರ್ಥವೆಂದೂ ತಿಳಿಯಬಾರದು. ಹಳೆಯ ಪರಾಮರ್ಶೆಯ ಬಳಿಕ ಹೊಸ ಪ್ರಯೋಗಗಳು ನಡೆದಿದ್ದರೆ, ಇಲ್ಲವೇ ಅದರ ವಿಧಾನದ ಬಗೆಗೆ ಸಕಾರಣ ಸಂದೇಹವಿದ್ದರೆ, ಅದೇ ಪ್ರಶ್ನೆಯನ್ನು ಮತ್ತೆ ಪರಿಶೀಲಿಸುವುದು ವಿಜ್ಞಾನಕ್ಕೆ ಅಗತ್ಯ. ಅರಿತು ಮಾಡುವ ಮರುಪರಿಶೀಲನೆಗೂ ಅರಿಯದೆ ಆಗುವ ನಕಲಿಗೂ ಇರುವ ಅಂತರವನ್ನು ನೋಂದಣಿಯು ಸ್ಪಷ್ಟಪಡಿಸುತ್ತದೆ.

ಇತರ ನೋಂದಣಿ ವ್ಯವಸ್ಥೆಗಳು

ಪ್ರಾಸ್ಪೆರೊ ಸ್ವೀಕರಿಸದ ಸ್ಕೋಪಿಂಗ್ ರಿವ್ಯೂಗಳನ್ನು ‘ಓಪನ್ ಸೈನ್ಸ್ ಫ್ರೇಮ್‌ವರ್ಕ್’ ಎಂಬ ಜಾಲತಾಣದಲ್ಲಿ ನೋಂದಾಯಿಸಬಹುದು. ಶಿಕ್ಷಣ, ಅಪರಾಧ ನಿಯಂತ್ರಣ ಮೊದಲಾದ ಸಾಮಾಜಿಕ ಕ್ಷೇತ್ರಗಳ ಪರಾಮರ್ಶೆಗಳ ಯೋಜನೆಗಳನ್ನು ಕ್ಯಾಂಪ್‌ಬೆಲ್ ಸಂಸ್ಥೆಯು ಪ್ರಕಟಿಸುತ್ತದೆ.

ಭಾರತದಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಆಶ್ರಯದಲ್ಲಿ ‘ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ – ಇಂಡಿಯಾ’ 2007ರ ಜುಲೈ 20ರಂದು ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯವಾಯಿತು. ಇದು ರೋಗಿಗಳ ಮೇಲೆ ನೇರವಾಗಿ ನಡೆಯುವ ಪ್ರಯೋಗಗಳಿಗೆ ಸಂಬಂಧಿಸಿದ ವ್ಯವಸ್ಥೆ. ಪ್ರಕಟಿತ ಅಧ್ಯಯನಗಳ ಪರಾಮರ್ಶೆಗಳಿಗಾಗಿ ಭಾರತೀಯ ಸಂಶೋಧಕರು ಪ್ರಾಸ್ಪೆರೊವನ್ನು ಬಳಸುತ್ತಾರೆ. ಐಸಿಎಂಆರ್ 2007ರಲ್ಲಿ ಕಾಕ್ರೇನ್ ಗ್ರಂಥಾಲಯವನ್ನು ದೇಶದ ಎಲ್ಲರಿಗೂ ಉಚಿತವಾಗಿ ಒದಗಿಸಿತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಈ ಕ್ಷೇತ್ರದ ತರಬೇತಿಗೆ ಹೆಸರಾಗಿದೆ. ಕರ್ನಾಟಕದಲ್ಲಿ ಮಣಿಪಾಲದ ‘ಪಬ್ಲಿಕ್ ಹೆಲ್ತ್ ಎವಿಡೆನ್ಸ್ ಸೌತ್ ಏಷ್ಯಾ’ ಕೇಂದ್ರವು ವ್ಯವಸ್ಥಿತ ಪರಾಮರ್ಶೆಗಳನ್ನು ನಡೆಸುತ್ತದೆ. ಪರಾಮರ್ಶೆಯನ್ನು ಪ್ರಬಂಧವಿಷಯವಾಗಿ ಆರಿಸಿಕೊಳ್ಳುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ವಿಷಯವನ್ನು ನಿಶ್ಚಯಿಸುವ ಮೊದಲೇ ಪ್ರಾಸ್ಪೆರೊದಲ್ಲಿ ಹುಡುಕುವುದು ಉಪಯುಕ್ತ. ಈ ಹುಡುಕಾಟಕ್ಕೆ ಶುಲ್ಕವಿಲ್ಲ.